ಏಡಿಯ ಬಲ ಇಕ್ಕಳ ಯಾಕೆ ದಪ್ಪ? ಕೆಲವಕ್ಕೆ ಎಡದ್ದು ಯಾಕೆ ದಪ್ಪ?

ಪ್ರಶ್ನೆ: ನಾನು ಬಿ.ಎಸ್ಸಿ. ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ಮಲ್ಪೆ ಬಂದರಿನಿಂದ ತಂದ, ಬೆನ್ನ ಮೇಲೆ ಮೂರು ಚುಕ್ಕಿ ಇರುವ 20 ಏಡಿಗಳನ್ನು ನೋಡಿದೆ. 15ರಲ್ಲಿ ಬಲ ಇಕ್ಕಳ ಸ್ವಲ್ಪ ದಪ್ಪ, ಹಲ್ಲು ಮೊಂಡು. ಎಡದ್ದು ತೆಳ್ಳಗೆ, ಹಲ್ಲು ಚೂಪು. 4ರಲ್ಲಿ ಇದು ತಿರುಗುಮುರುಗು. ಒಂದರಲ್ಲಿ ಎರಡೂ ತೆಳ್ಳಗಿದ್ದವು. ಇದು ರೋಗವೇ, ಬೇರೆ ಜಾತಿಯೇ, ಅಥವಾ ಮನುಷ್ಯರಲ್ಲಿ ಎಡಚರು ಇರುವ ಹಾಗೆಯೇ? ಇದರ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದರೆ ಏನನ್ನು, ಹೇಗೆ ಅಳೆಯಬೇಕು?

ಉತ್ತರ: ರೋಗವಲ್ಲ, ಬೇರೆ ಜಾತಿಯೂ ಅಲ್ಲ. ಮನುಷ್ಯರ ಎಡಚತನಕ್ಕೂ ಇದಕ್ಕೂ ಹೋಲಿಕೆ ಕಡಿಮೆ. ನಿಮ್ಮ ಏಡಿ ಸೇರಿದ ಈಜುವ ಏಡಿಗಳ ಕುಟುಂಬದಲ್ಲಿ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಬಲಗೈಯವೇ, ಅಂದರೆ ಬಲ ಇಕ್ಕಳ ದಪ್ಪ ಇರುವವು. ದೊಡ್ಡ ಏಡಿಯೊಂದು ಎಡಚ ಆಗಿದ್ದರೆ, ಅದು ಹಿಂದೆ ಯಾವಾಗಲೋ ತನ್ನ ಬಲ ಇಕ್ಕಳ ಕಳೆದುಕೊಂಡಿದೆ ಎಂದೇ ಮೊದಲು ಊಹಿಸಬೇಕು. ಎರಡೂ ತೆಳ್ಳಗಿರುವ ಆ ಒಂದು ಏಡಿ ಬಹುಶಃ ಈ ಬದಲಾವಣೆಯ ಅರ್ಧ ದಾರಿಯಲ್ಲಿದೆ. ಅದನ್ನು ಲೆಕ್ಕ ಹಾಳುಮಾಡುವ ಏಡಿ ಎಂದು ಬದಿಗಿಡಬೇಡಿ, ನಿಮ್ಮ 20ರಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ.

ಮೊದಲು ಹೆಸರುಗಳು. ನೀವು ನೋಡಿದ ಮೂರು ಚುಕ್ಕಿಯದು ಪೋರ್ಟುನಸ್ ಸ್ಯಾಂಗ್ವಿನೊಲೆಂಟಸ್. ಕರಾವಳಿಯ ಮೀನು ಮಾರುಕಟ್ಟೆಗಳಲ್ಲಿ ಇದರ ಜೊತೆಗೆ ನೀಲಿ ಕಾಲಿನ ಏಡಿ, ಬೆನ್ನಲ್ಲಿ ಶಿಲುಬೆಯಂಥ ಗುರುತಿರುವ ಚರಿಬ್ಡಿಸ್ ಫೆರಿಯಾಟಾ, ಅಳಿವೆಗಳಿಂದ ಬರುವ ದೊಡ್ಡ ಕೆಸರು ಏಡಿ ಸ್ಕಿಲ್ಲಾ ಸಿಗುತ್ತವೆ. ಇವೆಲ್ಲ ಒಂದೇ ಬಳಗ. ಕೊನೆಯ ಜೋಡಿ ಕಾಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುವುದು ಇವುಗಳ ಗುರುತು. ತುಳುವಿನಲ್ಲಿ ಡೆಂಜಿ ಎನ್ನಿ, ಕೊಂಕಣಿಯಲ್ಲಿ ಕುರ್ಲಿ ಎನ್ನಿ, ಇಕ್ಕಳದ ಕಥೆ ಎಲ್ಲದರಲ್ಲೂ ಸುಮಾರಾಗಿ ಒಂದೇ. ಕೆಸರು ಏಡಿಯಲ್ಲಿ ಎರಡು ಇಕ್ಕಳಗಳ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ. ಮೂರು ಚುಕ್ಕಿಯದರಲ್ಲಿ ಕೆಲವೇ ಮಿಲಿಮೀಟರ್, ಹಾಗಾಗಿ ಕೈಯಲ್ಲಿ ಹಿಡಿದು ನೋಡಬೇಕು.

ಒಂದು ಬೇಯಿಸಿದ ಏಡಿಯ ಎರಡೂ ಇಕ್ಕಳಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಇಕ್ಕಳದಲ್ಲಿ ಎರಡು ಬೆರಳು: ಮೇಲಿನದು ಆಡುವ ಬೆರಳು, ಕೆಳಗಿನದು ಅಂಗೈಗೆ ಸೇರಿಕೊಂಡೇ ಇರುವ ಸ್ಥಿರ ಬೆರಳು. ದಪ್ಪ ಇಕ್ಕಳದ ಆಡುವ ಬೆರಳಿನ ಬುಡಕ್ಕೆ, ಕೀಲಿನ ಹತ್ತಿರ, ಉಗುರು ತಾಗಿಸಿ ಎಳೆಯಿರಿ. ಅಲ್ಲಿ ದವಡೆ ಹಲ್ಲಿನಂಥ ಒಂದು ಗುಂಡನೆಯ ಉಬ್ಬು ಸಿಗುತ್ತದೆ, ಉಗುರು ಅದರ ಮೇಲೆ ಜಾರುತ್ತದೆ. ತೆಳ್ಳನೆಯ ಇಕ್ಕಳದಲ್ಲಿ ಅದೇ ಜಾಗಕ್ಕೆ ಉಗುರು ತಾಗಿಸಿದರೆ ಗರಗಸದ ಹಲ್ಲಿಗೆ ಸಿಕ್ಕಿಕೊಂಡ ಹಾಗೆ ತಡೆತಡೆದು ಹೋಗುತ್ತದೆ. ಮೊದಲನೆಯದು ಜಜ್ಜುವ ಇಕ್ಕಳ, ಎರಡನೆಯದು ಕತ್ತರಿಸುವ ಇಕ್ಕಳ. ಯಾವ ಕಡೆಯ ಏಡಿ ಎಂದು ತೀರ್ಮಾನಿಸಬೇಕಾದದ್ದು ಈ ಬುಡದ ಹಲ್ಲಿನಿಂದ. ಗಾತ್ರ ನೋಡಿ ಹೇಳಿದರೆ ಮೋಸ ಹೋಗುತ್ತೀರಿ: ಮತ್ತೆ ಬೆಳೆಯುತ್ತಿರುವ ಇಕ್ಕಳ ಯಾವ ಬಗೆಯದೇ ಆಗಲಿ, ಮೊದಮೊದಲು ಚಿಕ್ಕದಾಗಿಯೇ ಇರುತ್ತದೆ.

ಬುಡದಲ್ಲೇ ಆ ಉಬ್ಬು ಯಾಕೆ? ಅಡಕತ್ತರಿ ನೆನಪಿಸಿಕೊಳ್ಳಿ. ಗಟ್ಟಿ ಅಡಿಕೆಯನ್ನು ಯಾರೂ ಅಲಗಿನ ತುದಿಯಲ್ಲಿ ಇಟ್ಟು ಒತ್ತುವುದಿಲ್ಲ, ಕೀಲಿನ ಮೂಲೆಗೆ ತಳ್ಳಿ ಒತ್ತುತ್ತಾರೆ. ಕೀಲಿಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಏಡಿಯಲ್ಲಿ ಬಲ ಬರುವುದು ಹಿಡಿಕೆಯಿಂದಲ್ಲ, ಕೀಲಿನ ಪಕ್ಕದಲ್ಲೇ ಅಂಟಿಕೊಂಡ ಸ್ನಾಯುವಿನಿಂದ. ಆದರೆ ಹಲ್ಲು ಎಲ್ಲಿದ್ದರೆ ಲಾಭ ಎಂಬ ಲೆಕ್ಕ ಮಾತ್ರ ಅದೇ.

ಈ ಲೆಕ್ಕವನ್ನು ನೀವೇ ಮಾಡಬಹುದು, ಪ್ರಾಜೆಕ್ಟಿಗೂ ಬೇಕಾಗುತ್ತದೆ. ಇಕ್ಕಳವನ್ನು 5ರಿಂದ 7 ನಿಮಿಷ ಕುದಿಸಿ, ತಣಿದ ಮೇಲೆ ಆಡುವ ಬೆರಳನ್ನು ಮೆಲ್ಲಗೆ ಹೊರಕ್ಕೆ ಎಳೆಯಿರಿ. ಅದರ ಜೊತೆ ಎರಡು ತೆಳು ಬಿಲ್ಲೆಗಳು ಬರುತ್ತವೆ. ಏಡಿ ತಿನ್ನುವಾಗ ಮಾಂಸದ ನಡುವೆ ಹಲ್ಲಿಗೆ ಸಿಗುವ, ಅರೆಪಾರದರ್ಶಕ ಪ್ಲಾಸ್ಟಿಕ್ ಚೂರಿನಂಥದ್ದು ಇದೇ. ದೊಡ್ಡ, ಅಗಲವಾದ ಬಿಲ್ಲೆ ಇಕ್ಕಳ ಮುಚ್ಚುವ ಸ್ನಾಯುವಿನದು. ಸಣ್ಣದು ತೆರೆಯುವ ಸ್ನಾಯುವಿನದು. ಹಕ್ಕಿಯ ಗರಿಯ ನಡುದಂಡಕ್ಕೆ ಎಳೆಗಳು ಓರೆಯಾಗಿ ಕೂತಿರುವಂತೆ ಈ ದೊಡ್ಡ ಬಿಲ್ಲೆಯ ಎರಡೂ ಮೈಗೆ ಸ್ನಾಯುವಿನ ಎಳೆಗಳು ಓರೆಯಾಗಿ ಅಂಟಿಕೊಂಡಿರುತ್ತವೆ. ಚಿಪ್ಪಿನೊಳಗಿನ ಇಕ್ಕಟ್ಟಿನಲ್ಲಿ ಹೆಚ್ಚು ಎಳೆ ತುಂಬಲು ಇದು ಉಪಾಯ. ಈಗ ಎರಡು ಅಳತೆ ತೆಗೆದುಕೊಳ್ಳಿ. ಒಂದು, ಕೀಲಿನ ಗುಬುಟಿನಿಂದ ದೊಡ್ಡ ಬಿಲ್ಲೆ ಅಂಟಿರುವ ಬಿಂದುವಿನವರೆಗೆ. ಎರಡು, ಅದೇ ಗುಬುಟಿನಿಂದ ಬೆರಳಿನ ತುದಿಯವರೆಗೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸನ್ನೆಯ ಲಾಭ, ಅಂದರೆ ಸ್ನಾಯುವಿನ ಬಲದಲ್ಲಿ ಎಷ್ಟು ಪಾಲು ಬೆರಳಿನ ತುದಿಗೆ ಮುಟ್ಟುತ್ತದೆ ಎಂಬ ಅಂಕಿ, ಸಿಗುತ್ತದೆ.

ಲೆಕ್ಕದ ಸಲುವಾಗಿ ಅಂಕಿಗಳನ್ನು ಹಿಡಿಯೋಣ. ಜಜ್ಜುವ ಇಕ್ಕಳದಲ್ಲಿ ಇವು 9 ಮಿ.ಮೀ. ಮತ್ತು 30 ಮಿ.ಮೀ. ಇದ್ದರೆ ಲಾಭ 0.30. ಕತ್ತರಿಸುವುದರಲ್ಲಿ 6.6 ಮತ್ತು 33 ಇದ್ದರೆ 0.20. ಸ್ನಾಯು 100 ನ್ಯೂಟನ್ ಬಲದಿಂದ ಎಳೆದರೆ ಮೊದಲನೆಯದರ ತುದಿಯಲ್ಲಿ 30 ನ್ಯೂಟನ್, ಎರಡನೆಯದರ ತುದಿಯಲ್ಲಿ 20. ಆದರೆ ಜಜ್ಜುವ ಇಕ್ಕಳದ ದವಡೆ ಹಲ್ಲು ಕೀಲಿನಿಂದ 12 ಮಿ.ಮೀ. ದೂರದಲ್ಲಿದ್ದರೆ ಅಲ್ಲಿ 9ನ್ನು 12ರಿಂದ ಭಾಗಿಸಿ 0.75, ಅಂದರೆ 75 ನ್ಯೂಟನ್. ಮರುವಾಯಿಯಂಥ ಚಿಪ್ಪನ್ನು (ಉತ್ತರ ಕನ್ನಡದಲ್ಲಿ ಬಳಚು ಎನ್ನುವುದು) ಏಡಿ ತುದಿಯಿಂದ ಕಚ್ಚದೆ ಬುಡಕ್ಕೆ ತಂದು ಒತ್ತುವುದು ಇದಕ್ಕೇ. ಲಾಭ ಕಡಿಮೆಯಿರುವ ಕತ್ತರಿಸುವ ಇಕ್ಕಳಕ್ಕೆ ಪ್ರತಿಯಾಗಿ ವೇಗ ಸಿಗುತ್ತದೆ: ಸ್ನಾಯು ಅಷ್ಟೇ ಕುಗ್ಗಿದರೂ ತುದಿ ಹೆಚ್ಚು ದೂರ ಸರಿಯುತ್ತದೆ. ಓಡುವ ಸೀಗಡಿ, ಸಣ್ಣ ಮೀನು ಹಿಡಿಯಲು, ಮಾಂಸ ಹರಿದು ಬಾಯಿಗೆ ಕೊಡಲು ಅದು ಬೇಕು.

ಸ್ನಾಯುವಿನೊಳಗೂ ವ್ಯತ್ಯಾಸವಿದೆ. ನಮ್ಮ ಸ್ನಾಯುವಿನ ಕುಗ್ಗುವ ಘಟಕ, ಸಾರ್ಕೊಮಿಯರ್, ಸುಮಾರು 2ರಿಂದ 2.5 ಮೈಕ್ರೋಮೀಟರ್ ಉದ್ದ. ಚಿಪ್ಪು ಒಡೆಯುವ ಏಡಿಗಳ ಇಕ್ಕಳದಲ್ಲಿ ಅದು 10 ಮೈಕ್ರೋಮೀಟರನ್ನೂ ಮೀರುತ್ತದೆ. ಘಟಕ ಉದ್ದವಾದಷ್ಟೂ ಒಂದೇ ಕಡೆ ಕೈಜೋಡಿಸಿ ಎಳೆಯುವ ಕೊಂಡಿಗಳು ಹೆಚ್ಚು, ಬಲ ಹೆಚ್ಚು. ಸಾಲಾಗಿ ಕುಗ್ಗುವ ಘಟಕಗಳು ಕಡಿಮೆ, ಹಾಗಾಗಿ ನಿಧಾನ. ಜಜ್ಜುವ ಇಕ್ಕಳ ನಿಧಾನವಾಗಿ ಮುಚ್ಚುತ್ತದೆ, ಆದರೆ ಹಿಡಿದದ್ದನ್ನು ಬಿಡುವುದಿಲ್ಲ. ಏಡಿಯ ಇಕ್ಕಳಕ್ಕೆ ಬೆರಳು ಕೊಟ್ಟವರಿಗೆ ಎರಡರ ಗುಣವೂ ಗೊತ್ತು: ಕತ್ತರಿಸುವುದು ಫಕ್ಕನೆ ಕಚ್ಚಿ ಚರ್ಮ ಸೀಳುತ್ತದೆ, ಜಜ್ಜುವುದು ಒತ್ತುತ್ತಲೇ ಹೋಗುತ್ತದೆ.

ಈಗ ಎಡಚ ಏಡಿಗೆ ಬರೋಣ.

ಏಡಿಗೆ ತನ್ನ ಕಾಲನ್ನು ತಾನೇ ಕಳಚುವ ಶಕ್ತಿಯಿದೆ. ಇಕ್ಕಳಗಾಲಿನ ಬುಡದಲ್ಲಿ, ಮೈಗೆ ತೀರಾ ಹತ್ತಿರ, ಚಿಪ್ಪಿನ ಸುತ್ತ ಒಂದು ಸಣ್ಣ ಗೆರೆಯಿರುತ್ತದೆ. ಶತ್ರು ಎಳೆದರೆ, ಬಲೆಗೆ ಸಿಕ್ಕಿ ಹಿಂಸೆಯಾದರೆ, ಒಮ್ಮೆಲೆ ಬಿಸಿ ತಾಗಿದರೆ ಆ ಗೆರೆಯಲ್ಲಿ ಕಾಲು ಕಳಚಿ ಬೀಳುತ್ತದೆ. ಒಳಗಡೆ ಒಂದು ಪೊರೆ ಕೂಡಲೇ ಬಾಯಿ ಮುಚ್ಚುವುದರಿಂದ ರಕ್ತ ಹೆಚ್ಚು ಹೋಗುವುದಿಲ್ಲ. ಕೆಲ ದಿನಗಳಲ್ಲಿ ಗಾಯ ಕಪ್ಪಾಗಿ ಹಕ್ಕಳೆ ಕಟ್ಟುತ್ತದೆ, ಆಮೇಲೆ ಅದರ ನಡುವಿನಿಂದ ಮೊಗ್ಗಿನಂಥದ್ದು ಹೊರಡುತ್ತದೆ. ಈ ಮೊಗ್ಗಿನೊಳಗೆ ಹೊಸ ಇಕ್ಕಳ ಮಡಚಿಕೊಂಡು ಕೂತಿರುತ್ತದೆ. ಮುಂದಿನ ಸಲ ಏಡಿ ಚಿಪ್ಪು ಕಳಚಿದಾಗ ಅದು ಬಿಚ್ಚಿಕೊಳ್ಳುತ್ತದೆ. ಚಿಪ್ಪು ಕಳಚುವ ಹೊತ್ತು ಹತ್ತಿರ ಬಂದ ಮೇಲೆ ಕಾಲು ಹೋದರೆ ಆ ಸಲಕ್ಕೆ ಮೊಗ್ಗು ಸಿದ್ಧವಾಗುವುದಿಲ್ಲ, ಮುಂದಿನ ಸಲದವರೆಗೆ ಏಡಿ ಒಂದೇ ಇಕ್ಕಳದಲ್ಲಿ ಬದುಕಬೇಕು. ಬಿಚ್ಚಿಕೊಂಡ ಹೊಸ ಇಕ್ಕಳವೂ ಮೊದಲ ಸಲಕ್ಕೆ ಪೂರ್ತಿ ಗಾತ್ರಕ್ಕೆ ಬರುವುದಿಲ್ಲ. ಎರಡು ಮೂರು ಸಲ ಚಿಪ್ಪು ಕಳಚಬೇಕು.

ಕಳೆದದ್ದು ಕತ್ತರಿಸುವ ಎಡ ಇಕ್ಕಳವಾದರೆ ಹೊಸದೂ ಕತ್ತರಿಸುವುದೇ ಆಗಿ ಬರುತ್ತದೆ, ಏನೂ ತಿರುಗುಮುರುಗಾಗುವುದಿಲ್ಲ. ಕಳೆದದ್ದು ಜಜ್ಜುವ ಬಲ ಇಕ್ಕಳವಾದರೆ ಹಾಗಲ್ಲ. ಬಲಗಡೆ ಹೊಸದಾಗಿ ಬರುವುದು ತೆಳ್ಳನೆಯ ಕತ್ತರಿಸುವ ಇಕ್ಕಳ. ಅದೇ ಹೊತ್ತಿಗೆ ಎಡಗಡೆ ಮೊದಲಿನಿಂದ ಇದ್ದ ಕತ್ತರಿಸುವ ಇಕ್ಕಳ ಪ್ರತಿ ಸಲ ಚಿಪ್ಪು ಕಳಚಿದಾಗಲೂ ಸ್ವಲ್ಪ ಸ್ವಲ್ಪ ದಪ್ಪವಾಗುತ್ತಾ, ಬುಡದ ಹಲ್ಲು ಮೊಂಡಾಗುತ್ತಾ ಜಜ್ಜುವ ಇಕ್ಕಳವಾಗಿ ಮಾರ್ಪಡುತ್ತದೆ. ಯೋಚಿಸಿದರೆ ಇದರಲ್ಲಿ ಒಂದು ಲೆಕ್ಕಾಚಾರವಿದೆ. ಬಲಗಡೆಯ ಮೊಗ್ಗು ಜಜ್ಜುವ ಗಾತ್ರಕ್ಕೆ ಬೆಳೆಯುವವರೆಗೆ ಕಾಯುವುದಕ್ಕಿಂತ, ಆಗಲೇ ಪೂರ್ತಿ ಬೆಳೆದಿರುವ ಎಡದ್ದನ್ನು ಬದಲಿಸಿಕೊಂಡರೆ ಚಿಪ್ಪು ಒಡೆಯುವ ಸಾಮರ್ಥ್ಯ ಬೇಗ ಮರಳುತ್ತದೆ. ಹೀಗೆ ತಯಾರಾದ ಎಡ ಇಕ್ಕಳ ಹುಟ್ಟಾ ಜಜ್ಜುವ ಇಕ್ಕಳದ ಮಟ್ಟವನ್ನು ಪೂರ್ತಿ ಮುಟ್ಟದೆ ಉಳಿಯುವುದುಂಟು. ದವಡೆ ಹಲ್ಲಿನ ಅಂಚಿನಲ್ಲಿ ಹಳೆಯ ಗರಗಸದ ಒಂದೆರಡು ಕಚ್ಚು ಕಾಣಬಹುದು. ನಿಮ್ಮ 4 ಎಡಚ ಏಡಿಗಳ ಎಡ ಇಕ್ಕಳವನ್ನು ಕೈಮಸೂರದಲ್ಲಿ ನೋಡಿ, 15 ಬಲಗೈ ಏಡಿಗಳ ಬಲ ಇಕ್ಕಳದ ಜೊತೆ ಹೋಲಿಸಿ.

ಎರಡೂ ತೆಳ್ಳಗಿದ್ದ ಆ ಒಂದು ಏಡಿ ಈ ನಡುವಿನ ಹಂತದ್ದು ಎನ್ನಲು ಕಾರಣ ಇಷ್ಟೇ: ಎಡದ್ದು ಇನ್ನೂ ದಪ್ಪವಾಗಿಲ್ಲ, ಬಲದ್ದು ಹೊಸದಾಗಿ ಬಂದಿದೆ. ಬಲದ್ದು ಎಡದ್ದಕ್ಕಿಂತ ಗಿಡ್ಡವೂ ಆಗಿದ್ದರೆ ಅನುಮಾನ ಉಳಿಯುವುದಿಲ್ಲ.

ಈ ಅದಲುಬದಲು ಮೊದಲು ಚೆನ್ನಾಗಿ ಗೊತ್ತಾದದ್ದು ಏಡಿಯಲ್ಲಿ ಅಲ್ಲ, ಇಕ್ಕಳದಿಂದ ಚಟ್ ಎಂದು ಸದ್ದು ಮಾಡುವ ಆಲ್ಫಿಯಸ್ ಸೀಗಡಿಯಲ್ಲಿ. ವಿಯೆನ್ನಾದ ಹಾನ್ಸ್ ಪ್ರಿಬ್ರಾಮ್ 1901ರಲ್ಲಿ ಇದನ್ನು ವಿವರಿಸಿದರು. 1978ರಲ್ಲಿ ಅದೇ ಸೀಗಡಿಯಲ್ಲಿ ಇನ್ನೊಂದು ಸಂಗತಿ ತಿಳಿಯಿತು: ದೊಡ್ಡ ಇಕ್ಕಳ ಜಾಗದಲ್ಲೇ ಇದ್ದರೂ ಅದರ ನರವನ್ನು ಕತ್ತರಿಸಿದರೆ ಸಾಕು, ಎದುರಿನ ಸಣ್ಣದು ದೊಡ್ಡದಾಗಲು ಹೊರಡುತ್ತದೆ. ಅಂದರೆ ಒಂದು ಕಡೆಯ ಇಕ್ಕಳ ಇನ್ನೊಂದನ್ನು ನರದ ಮೂಲಕ ಹಿಡಿತದಲ್ಲಿ ಇಟ್ಟಿರುತ್ತದೆ, ಆ ಹಿಡಿತ ಸಡಿಲಿದಾಗ ಇನ್ನೊಂದು ಬದಲಾಗುತ್ತದೆ. ಈಜುವ ಏಡಿಗಳಲ್ಲಿ ಹೆಚ್ಚು ಅಧ್ಯಯನವಾದದ್ದು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ನೀಲಿ ಏಡಿ, ಕ್ಯಾಲಿನೆಕ್ಟಿಸ್ ಸ್ಯಾಪಿಡಸ್. ಅದರ ಮರಿಗಳಲ್ಲಿ ಬಹುತೇಕ ಎಲ್ಲವೂ ಬಲಗೈಯವು. ಬೆಳೆದವುಗಳಲ್ಲಿ ಬಲಗೈಯವು ಮುಕ್ಕಾಲು ಪಾಲಿನ ಆಸುಪಾಸಿಗೆ ಇಳಿಯುತ್ತವೆ. ವಯಸ್ಸಾದಷ್ಟೂ ಇಕ್ಕಳ ಕಳೆದುಕೊಳ್ಳುವ ಸಂದರ್ಭಗಳು ಹೆಚ್ಚು, ಹಾಗಾಗಿ ಎಡಚರ ಪಾಲು ಏರುತ್ತದೆ.

ಎಲ್ಲ ಚಿಪ್ಪುಪ್ರಾಣಿಗಳೂ ಹೀಗೆ ಎಂದುಕೊಳ್ಳಬೇಡಿ, ಇಲ್ಲಿ ಅನೇಕ ವರದಿಗಳು ಎಡವುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಲ್ಲಿ ಒಂದು ದೊಡ್ಡ ಇಕ್ಕಳ ಬೀಸುವ ಪಿಟೀಲು ಏಡಿಯ ಗಂಡುಗಳಲ್ಲಿ, ಹೆಚ್ಚಿನ ಜಾತಿಗಳಲ್ಲಿ, ಬಲ ಮತ್ತು ಎಡ ಅರ್ಧಕ್ಕರ್ಧ. ದೊಡ್ಡದು ಹೋದರೆ ಅದೇ ಕಡೆ ಮತ್ತೆ ದೊಡ್ಡದೇ ಬೆಳೆಯುತ್ತದೆ. ಅಮೆರಿಕದ ಲಾಬ್‌ಸ್ಟರ್‌ನಲ್ಲೂ ಅರ್ಧಕ್ಕರ್ಧ, ಆದರೆ ಅಲ್ಲಿ ಯಾವ ಕಡೆ ಎಂದು ನಿರ್ಧಾರವಾಗುವುದು ಮರಿಯಾಗಿದ್ದಾಗ ಯಾವ ಇಕ್ಕಳಕ್ಕೆ ಹೆಚ್ಚು ಕೆಲಸ ಬಿತ್ತು ಎಂಬುದರ ಮೇಲೆ. ಹಿಡಿಯಲು ಏನೂ ಇಲ್ಲದ ನುಣುಪು ತೊಟ್ಟಿಯಲ್ಲಿ ಬೆಳೆಸಿದ ಮರಿಗಳಲ್ಲಿ ಅನೇಕಕ್ಕೆ ಜಜ್ಜುವ ಇಕ್ಕಳವೇ ಬರುವುದಿಲ್ಲ. ಈಜುವ ಏಡಿಯದು ಮೂರನೆಯ ಬಗೆ: ಹುಟ್ಟಿನಿಂದ ಬಲಗಡೆ, ನಷ್ಟವಾದಾಗ ಮಾತ್ರ ಎಡಗಡೆ.

ಹುಟ್ಟಿನಿಂದ ಬಲಗಡೆಯೇ ಯಾಕೆ? ಹೆಚ್ಚಾಗಿ ಕೇಳಿಬರುವ ಉತ್ತರ ಶಂಖುಹುಳುಗಳದು. ಕಡಲಿನ ಶಂಖುಗಳಲ್ಲಿ ಅತಿ ಹೆಚ್ಚಿನವು ಒಂದೇ ದಿಕ್ಕಿಗೆ ಸುತ್ತಿಕೊಂಡಿರುತ್ತವೆ, ವಿಜ್ಞಾನದ ಭಾಷೆಯಲ್ಲಿ ಬಲಸುತ್ತು. ಅದರ ಬಾಯಂಚನ್ನು ಮುರಿಯಲು ಬಲ ಇಕ್ಕಳದಲ್ಲಿ ವಿಶೇಷ ಹಲ್ಲಿರುವ ಕಲಾಪ್ಪಾ ಏಡಿಗೆ ಬಲಗೈ ನಿಜವಾಗಿ ಅನುಕೂಲ. ಎಡಸುತ್ತಿನ ಶಂಖು ಅದಕ್ಕೆ ಕಷ್ಟ. (ನಮ್ಮ ಪೂಜೆಯ ಅಪರೂಪದ ಬಲಮುರಿ ಶಂಖ ವಿಜ್ಞಾನದ ಲೆಕ್ಕದಲ್ಲಿ ಎಡಸುತ್ತಿನದು! ವಿಜ್ಞಾನದವರು ಚೂಪು ತುದಿ ಮೇಲೆ ಮಾಡಿ ನೋಡುತ್ತಾರೆ, ನಮ್ಮಲ್ಲಿ ಹಿಡಿಯುವ ರೀತಿ ಬೇರೆ. ವರದಿಯಲ್ಲಿ ಈ ಪದ ಬಳಸುವಾಗ ಎಚ್ಚರ.) ಆದರೆ ಈ ವಿವರಣೆಯನ್ನು ಹಾಗೇ ಈಜುವ ಏಡಿಗಳಿಗೆ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಇವು ತಿನ್ನುವುದರಲ್ಲಿ ಮರುವಾಯಿಯಂಥ ಎರಡು ಚಿಪ್ಪಿನವು, ಸೀಗಡಿ, ಹುಳು, ಸತ್ತ ಮೀನು ಸಾಕಷ್ಟಿವೆ. ಅವಕ್ಕೆ ಬಲಸುತ್ತು ಎಡಸುತ್ತು ಎಂಬುದಿಲ್ಲ. ಬಲಗೈ ರೂಢಿ ಈಜುವ ಏಡಿಗಳನ್ನೂ ಮೀರಿ ಅನೇಕ ಏಡಿ ಕುಟುಂಬಗಳಲ್ಲಿ ಕಾಣುತ್ತದೆ. ಪೂರ್ವಜರಿಂದ ಬಂದ ಬೆಳವಣಿಗೆಯ ಕ್ರಮ ಹಾಗೇ ಉಳಿದುಕೊಂಡಿದೆ ಎಂದು ತಿಳಿಯುವುದು ಹೆಚ್ಚು ಸಮಂಜಸ.

ಇನ್ನು ನಿಮ್ಮ ಪ್ರಾಜೆಕ್ಟ್. ಒಳ್ಳೆಯ ಪ್ರಶ್ನೆಯೊಂದು ನಿಮ್ಮ ಕೈಯಲ್ಲೇ ಇದೆ: ಗಾತ್ರ ಹೆಚ್ಚಾದಂತೆ ಎಡಚ ಏಡಿಗಳ ಪಾಲು ಹೆಚ್ಚುತ್ತದೆಯೇ? ಬರೀ ಎಷ್ಟು ಬಲ, ಎಷ್ಟು ಎಡ ಎಂದು ಎಣಿಸಿದರೆ ಅಷ್ಟಕ್ಕೇ ಮುಗಿಯುತ್ತದೆ. ಬಲ ಎಡ ಸಮ ಎಂದು ಹಿಡಿದರೆ ನಿಮ್ಮ 19 ಏಡಿಗಳಲ್ಲಿ 15 ಅಥವಾ ಹೆಚ್ಚು ಒಂದೇ ಕಡೆಗೆ ಬೀಳುವ ಸಾಧ್ಯತೆ ಸುಮಾರು ಶೇ 2. ಹಾಗಾಗಿ ಬಲಗಡೆಯ ಒಲವು ಇಷ್ಟರಲ್ಲೇ ಕಾಣಿಸಿದೆ. ಗಾತ್ರದ ಪ್ರಶ್ನೆಗೆ ಇಷ್ಟು ಸಾಲದು. ಸಣ್ಣವುಗಳಲ್ಲಿ ಎಡಚರು ಶೇ 5, ದೊಡ್ಡವುಗಳಲ್ಲಿ ಶೇ 25 ಇದ್ದಾರೆ ಎಂದುಕೊಂಡರೆ, ಆ ವ್ಯತ್ಯಾಸವನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಲು ಪ್ರತಿ ಗುಂಪಿಗೆ 50ರ ಹತ್ತಿರ ಏಡಿ ಬೇಕು. ಉದಾಹರಣೆಗೆ ಸಣ್ಣ 50ರಲ್ಲಿ 3, ದೊಡ್ಡ 50ರಲ್ಲಿ 12 ಎಡಚ ಸಿಕ್ಕರೆ ಕೈ-ವರ್ಗ (chi-square, ಗುಂಪುಗಳ ಎಣಿಕೆಯನ್ನು ಹೋಲಿಸುವ ಪರೀಕ್ಷೆ) ಮೌಲ್ಯ ಸುಮಾರು 6.35 ಬರುತ್ತದೆ, 3.84 ದಾಟಿದರೆ ಶೇ 5ರ ಮಟ್ಟದಲ್ಲಿ ವ್ಯತ್ಯಾಸ ನಿಜವೆಂದು ಒಪ್ಪಬಹುದು.

ಒಂದೇ ಜಾತಿಗೆ ಅಂಟಿಕೊಳ್ಳಿ. ಮೂರು ಚುಕ್ಕಿಯದೇ ಸಾಕು, ಗುರುತಿಸಲು ತಪ್ಪಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಏಡಿ ಸೇರಿಸುವ ಕೆಲಸವನ್ನು ಅದರ ಆಚೆ ಈಚೆ ಇಟ್ಟುಕೊಳ್ಳಿ. ಮಾರಾಟಗಾರರು ಇಕ್ಕಳ ಹೋದ ಏಡಿಗಳನ್ನು ಬೇರೆ ಮಾಡಿ ಕಡಿಮೆ ಬೆಲೆಗೆ ಇಟ್ಟಿರುತ್ತಾರೆ. ಚೆನ್ನಾಗಿರುವ ರಾಶಿಯಿಂದ ಮಾತ್ರ ಆರಿಸಿದರೆ ನಿಮಗೆ ಬೇಕಾದ ಏಡಿಗಳೇ ತಪ್ಪಿಹೋಗುತ್ತವೆ. ದೋಣಿ ಬಂದ ಕೂಡಲೇ, ವಿಂಗಡಿಸುವ ಮೊದಲು, ಒಂದು ಬುಟ್ಟಿಯನ್ನು ಇಡಿಯಾಗಿ ನೋಡಲು ಕೇಳಿ. ಮೊಟ್ಟೆ ಹೊತ್ತ ಹೆಣ್ಣುಗಳನ್ನು ಕೊಳ್ಳಬೇಡಿ. ಅವುಗಳ ಅಳತೆ ಬೇಕೇಬೇಕಾದರೆ ಬಂದರಿನಲ್ಲೇ ಬರೆದುಕೊಳ್ಳಿ.

ಜೀವಂತ ಏಡಿಯನ್ನು ನೇರ ಕುದಿನೀರಿಗೆ ಹಾಕಿದರೆ ಕಾಲು ಇಕ್ಕಳ ಕಳಚಿ ಪಾತ್ರೆಯಲ್ಲಿ ಬಿದ್ದಿರುತ್ತವೆ, ಯಾವುದು ಯಾರದ್ದು ಎಂದು ತಿಳಿಯುವುದಿಲ್ಲ. ಮೊದಲು ಕಡಲ ನೀರಿಗೆ ಐಸ್ ಪುಡಿ ಬೆರೆಸಿ 20ರಿಂದ 30 ನಿಮಿಷ ಇಡಿ. ಮುಟ್ಟಿದರೂ ಅಲುಗದ ಸ್ಥಿತಿಗೆ ಬಂದ ಮೇಲೆ ಅಳೆಯಿರಿ, ಆಮೇಲೆ ಬೇಕಿದ್ದರೆ ಬೇಯಿಸಿ. ಹಿಡಿಯುವುದಾದರೆ ಹಿಂದಿನಿಂದ, ಈಜುಗಾಲುಗಳ ಬುಡದಲ್ಲಿ.

ಅತಿ ಸಾಮಾನ್ಯ ತಪ್ಪು ಬಲ ಎಡದ್ದೇ. ಗಂಡು ಹೆಣ್ಣು ನೋಡಲು ಏಡಿಯನ್ನು ಮಗುಚಿ ಹೊಟ್ಟೆ ಮೇಲೆ ಮಾಡುತ್ತೀರಿ (ಗಂಡಿನ ಹೊಟ್ಟೆಯ ಮಡಿಕೆ ಕಿರಿದು, ಬಲಿತ ಹೆಣ್ಣಿನದು ಅಗಲ, ಎಳೆ ಹೆಣ್ಣಿನದು ತ್ರಿಕೋನ), ಹಾಗೇ ಇಕ್ಕಳವನ್ನೂ ಬರೆದುಕೊಳ್ಳುತ್ತೀರಿ. ಬಲ ಎಡವಾಗಿಬಿಡುತ್ತದೆ! ಬೆನ್ನು ಮೇಲೆ, ಕಣ್ಣುಗಳು ನಿಮ್ಮಿಂದ ಆಚೆ ನೋಡುವಂತೆ ಇಟ್ಟಾಗ ನಿಮ್ಮ ಬಲವೇ ಏಡಿಯ ಬಲ. ಪ್ರತಿ ಏಡಿಗೂ ಇದೇ ಭಂಗಿಯಲ್ಲಿ ಬರೆಯಿರಿ, ಲಿಂಗವನ್ನು ಕೊನೆಗೆ ನೋಡಿ. ಕಳಚಿಬಿದ್ದ ಬಿಡಿ ಇಕ್ಕಳ ಸಿಕ್ಕರೆ ಹೀಗೆ ಮಾಡಿ: ಉಬ್ಬಿದ ಹೊರಮೈ ನಿಮ್ಮ ಕಡೆ, ಆಡುವ ಬೆರಳು ಮೇಲೆ ಬರುವಂತೆ ಹಿಡಿಯಿರಿ. ಬೆರಳುಗಳ ತುದಿ ನಿಮ್ಮ ಬಲಕ್ಕೆ ನೋಡಿದರೆ ಅದು ಬಲ ಇಕ್ಕಳ, ಎಡಕ್ಕೆ ನೋಡಿದರೆ ಎಡದ್ದು.

ಪ್ರತಿ ಏಡಿಗೆ ಬರೆಯಬೇಕಾದದ್ದು: ಕ್ರಮಸಂಖ್ಯೆ, ದಿನಾಂಕ, ಲಿಂಗ, ಬೆನ್ನುಚಿಪ್ಪಿನ ಅಗಲ, ಜಜ್ಜುವ ಇಕ್ಕಳ ಯಾವ ಕಡೆ, ಎರಡೂ ಇಕ್ಕಳದ ಅಂಗೈಯ ಉದ್ದ, ಎತ್ತರ, ದಪ್ಪ, ಕಾಣೆಯಾದ ಕಾಲುಗಳು. ಅಂಗೈಯ ಉದ್ದವನ್ನು ಸ್ಥಿರ ಬೆರಳಿನ ತುದಿಯಿಂದ ಹಿಂದಿನ ಕೀಲಿನವರೆಗೆ, ಎತ್ತರವನ್ನು ಅತಿ ಅಗಲವಾದ ಜಾಗದಲ್ಲಿ, ಮುಳ್ಳುಗಳನ್ನು ಬಿಟ್ಟು ಅಳೆಯಿರಿ. ಬೆನ್ನುಚಿಪ್ಪಿನ ಅಗಲವನ್ನು ಎರಡು ಬದಿಯ ಉದ್ದ ಮುಳ್ಳುಗಳ ತುದಿಯಿಂದ ತುದಿಗೆ ಅಳೆಯುವುದು ರೂಢಿ. ಆದರೆ ಆ ಮುಳ್ಳು ಮುರಿದಿರುವುದು ಹೆಚ್ಚು, ಹಾಗಾಗಿ ಮುಳ್ಳಿನ ಬುಡದಿಂದ ಬುಡಕ್ಕೂ ಒಂದು ಅಳತೆ ತೆಗೆದುಕೊಂಡು ಎಲ್ಲ ಏಡಿಗೂ ಅದನ್ನೇ ಬಳಸಿದರೆ ಕ್ಷೇಮ. ಉಪಕರಣ 0.1 ಮಿ.ಮೀ.ವರೆಗೆ ಓದುವ ವರ್ನಿಯರ್ ಸಾಕು. ಮೊದಲ 20 ಏಡಿಗಳನ್ನು, ಹಿಂದಿನ ಅಂಕಿ ನೋಡದೆ, ಇನ್ನೊಮ್ಮೆ ಅಳೆಯಿರಿ. ನಿಮ್ಮ ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಬಲ ಎಡದ ವ್ಯತ್ಯಾಸದಷ್ಟು ಬಂದರೆ ಆ ಅಳತೆಯಿಂದ ಏನೂ ಹೇಳಲಾಗದು. ಈ ಜಾತಿಯಲ್ಲಿ ಉದ್ದಕ್ಕಿಂತ ಎತ್ತರ ಮತ್ತು ದಪ್ಪದಲ್ಲಿ ವ್ಯತ್ಯಾಸ ನಿಚ್ಚಳವಾಗಿ ಸಿಗುವ ಸಂಭವ ಹೆಚ್ಚು.

ಇಕ್ಕಳದ ಬಗೆಯನ್ನು ಎರಡೇ ಖಾನೆಯಲ್ಲಿ ತುಂಬಬೇಡಿ. ಬಲಕ್ಕೆ ಜಜ್ಜುವುದು, ಎಡಕ್ಕೆ ಜಜ್ಜುವುದು, ಎರಡೂ ಕತ್ತರಿಸುವುದು, ಹೇಳಲಾಗದು ಎಂದು ನಾಲ್ಕು ಖಾನೆ ಇರಲಿ. ಒಂದು ಇಕ್ಕಳ ಮೊಗ್ಗಾಗಿದ್ದರೆ ಅಥವಾ ಇಲ್ಲದಿದ್ದರೆ, ಇರುವುದರ ಹಲ್ಲಿನ ಬಗೆ ಮಾತ್ರ ಬರೆದು ಬಲ ಎಡದ ಲೆಕ್ಕದಿಂದ ಹೊರಗಿಡಿ. ವ್ಯತ್ಯಾಸ ಲೆಕ್ಕ ಹಾಕುವಾಗ ಯಾವಾಗಲೂ ಬಲದಿಂದ ಎಡ ಕಳೆಯಿರಿ, ಅದನ್ನು ಎರಡರ ಸರಾಸರಿಯಿಂದ ಭಾಗಿಸಿ. ದೊಡ್ಡದರಿಂದ ಚಿಕ್ಕದು ಕಳೆದರೆ ಉತ್ತರ ಎಂದೂ ಋಣಾತ್ಮಕವಾಗದು, ದಿಕ್ಕು ಎನ್ನುವುದೇ ಅಳಿಸಿಹೋಗುತ್ತದೆ. ಗಂಡು ಹೆಣ್ಣುಗಳನ್ನು ಬೇರೆ ಬೇರೆ ನಕ್ಷೆಯಲ್ಲಿ ಹಾಕಿ: ಬಲಿತ ಗಂಡಿನ ಇಕ್ಕಳ ಮೈಗಿಂತ ವೇಗವಾಗಿ ಉದ್ದವಾಗುತ್ತದೆ. ಬೆರೆಸಿದರೆ ಲಿಂಗದ ವ್ಯತ್ಯಾಸ ಗಾತ್ರದ ವ್ಯತ್ಯಾಸದಂತೆ ಕಾಣುತ್ತದೆ.

ಕಾಣೆಯಾದ ಇಕ್ಕಳಗಳ ವಿಷಯದಲ್ಲಿ ಇನ್ನೊಂದು ಜಾಗ್ರತೆ. ಬಲೆಯಿಂದ ಬಿಡಿಸುವಾಗ ಸಿಕ್ಕಿಕೊಂಡ ಇಕ್ಕಳಗಳನ್ನು ಮುರಿಯುವುದುಂಟು. ಅದು ಏಡಿಯ ಬದುಕಿನ ಭಾಗವಲ್ಲ, ಆ ದಿನದ ಕೆಲಸದ ಭಾಗ. ಬುಡವನ್ನು ನೋಡಿದರೆ ತಿಳಿಯುತ್ತದೆ. ಮಾಂಸ ಬಿಳಿಯಾಗಿ, ಒದ್ದೆಯಾಗಿ, ಅಂಚು ಹೊಸದಾಗಿದ್ದರೆ ಅಂದಿನದು. ನಡುವಿನ ಯಾವುದೋ ಗೆಣ್ಣಿನಲ್ಲಿ ಒರಟಾಗಿ ಮುರಿದಿದ್ದರೂ ಸಾಮಾನ್ಯವಾಗಿ ಅಂದಿನದೇ. ಬುಡದ ಗೆರೆಯಲ್ಲೇ ನುಣುಪಾಗಿ ಕಳಚಿ, ಕಪ್ಪು ಹಕ್ಕಳೆ ಕಟ್ಟಿದ್ದರೆ ಅದು ಕಡಲಲ್ಲೇ ಆದದ್ದು. ಮೊಗ್ಗಿದ್ದರೆ ಅದರ ಉದ್ದವನ್ನೂ ಬರೆಯಿರಿ. ಈ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ದಾಖಲಿಸಿದರೆ, ಬಲ ಇಕ್ಕಳ ಎಡದ್ದಕ್ಕಿಂತ ಹೆಚ್ಚು ಸಲ ಕಳೆದುಹೋಗುತ್ತದೆಯೇ ಎಂಬ ಎರಡನೆಯ ಪ್ರಶ್ನೆಗೂ ಅದೇ ಹಾಳೆಯಲ್ಲಿ ಉತ್ತರ ಸಿಗುತ್ತದೆ.